ಒಂದು ಚಕ್ರ ಕಮ್ಮಿ ಇದ್ದ ಸ್ಪಿಟ್‌ಫೈರ್

ಡಬ್ಬ ಕೈಗೆ ಬಂದಾಗಲೇ ಅದರ ಒಂದು ಮೂಲೆ ಹರಿದಿತ್ತು. ಯಾರೋ ಅಂಟುಪಟ್ಟಿ ಹಾಕಿದ್ದರು. ಆ ಪಟ್ಟಿಯೂ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಒಳಗಿದ್ದದ್ದು ಬಿಡಿ ತುಂಡುಗಳನ್ನು ಅಂಟಿಸಿ ಜೋಡಿಸುವ ಪ್ಲಾಸ್ಟಿಕ್ ಮಾದರಿಯ ಕಿಟ್: ಎರಡನೇ ಮಹಾಯುದ್ಧದ ಯುದ್ಧವಿಮಾನ, ಏರ್‌ಫಿಕ್ಸ್ ಕಂಪನಿಯ ಸ್ಪಿಟ್‌ಫೈರ್ ಮಾರ್ಕ್ 9. ಅಳತೆ 1:72, ಅಂದರೆ ನಿಜ ವಿಮಾನದ 72ರಲ್ಲಿ ಒಂದು ಪಾಲು. ಮೊದಲಿನ ಮಾಲೀಕರು ಅರ್ಧ ತುಂಡುಗಳನ್ನು ಕತ್ತರಿಸಿ ಬಿಡಿಸಿದ್ದರು, ಆಮೇಲೆ ಉತ್ಸಾಹ ಇಳಿದು ಕೈಬಿಟ್ಟಿದ್ದರು ಅನಿಸುತ್ತದೆ. ಡಬ್ಬ ಅಲ್ಲಾಡಿಸಿದರೆ ಗಿಲಕಿಯ ಸದ್ದು.

ಎಲ್ಲವನ್ನೂ ಬಿಳಿ ಟವೆಲ್ ಮೇಲೆ ಸುರಿದು ಎಣಿಸಿದೆ. ಪ್ರೊಪೆಲ್ಲರ್‌ನ ನಾಲ್ಕು ಅಲಗುಗಳಲ್ಲಿ ಒಂದು ಮುರಿದಿದೆ. ಪುಣ್ಯಕ್ಕೆ ಮುರಿದ ಚೂರು ಡಬ್ಬದ ತಳದಲ್ಲೇ ಇತ್ತು. ಪೈಲಟ್ ತಲೆಯ ಮೇಲೆ ಬರುವ ಪಾರದರ್ಶಕ ಮುಚ್ಚಳದ ತುಂಬ ಗೀರು. ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಗಳ ಹಾಳೆ, ಡೀಕಾಲ್ ಅನ್ನುತ್ತಾರೆ, ಹಳದಿಯಾಗಿದೆ. ಮುಂದಿನ ಎರಡು ಚಕ್ರಗಳಲ್ಲಿ ಒಂದು ಇಲ್ಲವೇ ಇಲ್ಲ. ಟವೆಲ್ ಕೊಡವಿದೆ, ಡಬ್ಬದ ಮಡಿಕೆಗಳನ್ನೆಲ್ಲ ಬಿಚ್ಚಿ ನೋಡಿದೆ. ಇಲ್ಲ ಅಂದರೆ ಇಲ್ಲ.

ಡಬ್ಬದ ಬದಿಯಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ವಿಮಾನ ಬ್ರಿಟನ್ನಿನದು. ಕಂಪನಿ ಹುಟ್ಟಿದ್ದು ಲಂಡನ್ನಿನಲ್ಲಿ. ಡಬ್ಬದ ಮೇಲಿನ ವಿಳಾಸ ಮಾತ್ರ ಇಂಗ್ಲೆಂಡಿನ ಇನ್ನೊಂದು ಮೂಲೆಯ ಹಲ್ ಎಂಬ ಊರಿನದು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ತಯಾರಾದದ್ದು ಫ್ರಾನ್ಸಿನಲ್ಲಿ ಎಂದಿದೆ. ನನ್ನ ಕಪಾಟಿನಲ್ಲಿ ಇದೇ ಕಂಪನಿಯ ಹೊಸ ಸ್ಪಿಟ್‌ಫೈರ್ ಡಬ್ಬ ಒಂದಿದೆ. ಅದರ ಮೇಲೆ ತಯಾರಾದದ್ದು ಭಾರತದಲ್ಲಿ ಎಂದು ಬರೆದಿದೆ. ಒಂದೇ ಹೆಸರಿಗೆ ಇಷ್ಟೊಂದು ಊರು ಯಾಕೆ? ಈ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡೇ ಕೆಲಸ ಶುರು ಮಾಡಿದೆ.

ಮೊದಲ ಸಂಜೆ ಬರೀ ತೊಳೆಯುವುದರಲ್ಲಿ ಹೋಯಿತು. ಅಚ್ಚಿನಿಂದ ತುಂಡುಗಳು ಸಲೀಸಾಗಿ ಬಿಡಲಿ ಎಂದು ಸವರಿದ ಜಿಡ್ಡು ಪ್ಲಾಸ್ಟಿಕ್ ಮೇಲೆ ಉಳಿದಿರುತ್ತದೆ. ಇದರ ಮೇಲೆ ಹಲವು ವರ್ಷದ ಕೈಬೆವರು, ಧೂಳು ಬೇರೆ. ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ನೀರು ಬಿಸಿ ಇರಬಾರದು, ತೆಳು ರೆಕ್ಕೆ ಸೊಟ್ಟಗಾಗುತ್ತದೆ. ಮತ್ತೊಂದು ಮಾತು: ಟೀ ಸೋಸುವ ಜಾಲರಿಯ ಒಳಗಿಟ್ಟು ತೊಳೆಯಿರಿ. ನಾನು ಹಾಗೆ ಮಾಡದೆ ಹಿಂದಿನ ಪುಟಾಣಿ ಚಕ್ರ ಸಿಂಕಿನ ತೂತಿನ ಬಾಯಿಗೆ ಹೋಗಿ ನಿಂತಿತ್ತು. ಅದೂ ಹೋಗಿದ್ದರೆ ಈ ಬರಹಕ್ಕೆ ಬೇರೆ ಹೆಸರು ಇಡಬೇಕಾಗುತ್ತಿತ್ತು.

ತೊಳೆದು ಒಣಗಿಸಿದ ಮೇಲೆ ತುಂಡುಗಳ ಅಂಚಿನಲ್ಲಿ ತೆಳ್ಳಗಿನ ಪೊರೆ ಎದ್ದು ಕಂಡಿತು. ಈರುಳ್ಳಿ ಸಿಪ್ಪೆಯಷ್ಟು ತೆಳು. ಇದನ್ನು ಫ್ಲ್ಯಾಶ್ ಅನ್ನುತ್ತಾರೆ. ಸಕ್ಕರೆ ಅಚ್ಚು ಮಾಡುವ ಮರದ ಅಚ್ಚನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ಹೋಳು ಸರಿಯಾಗಿ ಕೂರದಿದ್ದರೆ ಪಾಕ ಅಂಚಿನಲ್ಲಿ ಹೊರಗೆ ಜಿನುಗಿ ರೆಕ್ಕೆ ಕಟ್ಟುತ್ತದೆ ಅಲ್ವಾ? ಇಲ್ಲಿಯೂ ಅದೇ. ಪಾಲಿಸ್ಟೈರೀನ್ ಕಾಳುಗಳನ್ನು 200 ಡಿಗ್ರಿಗಿಂತ ಹೆಚ್ಚು ಕಾಯಿಸಿ ಕರಗಿಸುತ್ತಾರೆ. ಆ ಪಾಕವನ್ನು ಭಾರಿ ಒತ್ತಡದಲ್ಲಿ ಉಕ್ಕಿನ ಎರಡು ಹೋಳುಗಳ ನಡುವೆ ತಳ್ಳುತ್ತಾರೆ. ಪಾಕ ಹರಿದು ಬಂದ ಕಾಲುವೆಯೇ ಕೊನೆಗೆ ಸ್ಪ್ರೂ ಎಂಬ ಕಡ್ಡಿಚೌಕಟ್ಟಾಗಿ ಉಳಿಯುತ್ತದೆ. ತಣ್ಣಗಾದ ಮೇಲೆ ಒಳಗಿನ ಸಣ್ಣ ಮೊಳೆಗಳು ತುಂಡನ್ನು ಹೊರಗೆ ನೂಕುತ್ತವೆ. ವಿಮಾನದ ಹೊಟ್ಟೆಯ ಒಳಬದಿಯಲ್ಲಿ ಕಾಣುವ ದುಂಡು ಗುರುತುಗಳು ಆ ಮೊಳೆಗಳ ಹೆಜ್ಜೆಗಳು. ಉಕ್ಕಿನ ಹೋಳುಗಳ ಅಂಚು ಸವೆದಷ್ಟೂ ಪೊರೆ ಜಾಸ್ತಿ. ಈ ಮಾರ್ಕ್ 9 ಕಿಟ್ ಮೊದಲು ಬಂದದ್ದು 1960ರಲ್ಲಿ. ಅಲ್ಲಿಂದ ದಶಕಗಟ್ಟಲೆ ಆ ಅಚ್ಚು ಬಾಯಿ ತೆರೆದು ಮುಚ್ಚಿದೆ. ಅದಕ್ಕೂ ವಯಸ್ಸಾಗುತ್ತದೆ.

ಬ್ಲೇಡಿನ ಬೆನ್ನಿನಿಂದ ಪೊರೆ ಕೆರೆಯುತ್ತಾ ಕೂತೆ. ಬಾಯಿಯಿಂದ ಕೆರೆದರೆ ಪ್ಲಾಸ್ಟಿಕ್ ಒಳಗೆ ಇಳಿಯುತ್ತದೆ. ಬೆನ್ನಿನಿಂದ ಕೆರೆದರೆ ಪೊರೆ ಮಾತ್ರ ಸುರುಳಿಯಾಗಿ ಏಳುತ್ತದೆ. ಕೈಗೆ ಕೆಲಸ, ತಲೆ ಖಾಲಿ. ಆಗ ನೆನಪಾಗಿದ್ದು ಬಾಚಣಿಗೆ.

ಏರ್‌ಫಿಕ್ಸ್ ಶುರುವಾದದ್ದು 1939ರಲ್ಲಿ. ಶುರು ಮಾಡಿದವರು ಹಂಗೇರಿಯಿಂದ ಬಂದ ನಿಕೋಲಸ್ ಕೋವ್. ಆಗ ಅವರು ಮಾಡುತ್ತಿದ್ದದ್ದು ಗಾಳಿ ತುಂಬುವ ರಬ್ಬರ್ ಆಟಿಕೆ. ಹೆಸರಿನಲ್ಲಿ ಗಾಳಿ ಬಂದದ್ದು ಅಲ್ಲಿಂದ. ವಿಮಾನಕ್ಕೂ ಆ ಹೆಸರಿಗೂ ಸಂಬಂಧವೇ ಇಲ್ಲ. ಕೊನೆಯ ‘ಇಕ್ಸ್’ ಕೋವ್ ಅವರಿಗೆ ಇಷ್ಟವಾದ ಸದ್ದು. 1947ರಲ್ಲಿ ಪ್ಲಾಸ್ಟಿಕ್ ಪಾಕ ತಳ್ಳುವ ಯಂತ್ರ ತಂದರು. ಅದರಲ್ಲಿ ಮೊದಲು ತೆಗೆದದ್ದು ಜೇಬಿನ ಬಾಚಣಿಗೆ. ಯೋಚಿಸಿದರೆ ಬಾಚಣಿಗೆಯೂ ಒಂದು ಸ್ಪ್ರೂ ತರಹವೇ ಇದೆ. ಒಂದು ದಪ್ಪ ಕಡ್ಡಿ, ಅದರಿಂದ ಸಾಲಾಗಿ ಹೊರಟ ಸಣ್ಣ ಹಲ್ಲುಗಳು. ಹಲ್ಲಿನ ತುದಿಯವರೆಗೆ ಪಾಕ ಮುಟ್ಟಿಸಲು ಬಂದವರಿಗೆ ವಿಮಾನದ ಬಂದೂಕಿನ ನಳಿಗೆ ಕಷ್ಟವಲ್ಲ.

ಆಟಿಕೆಯ ಕಡೆ ತಿರುಗಿಸಿದ್ದು ಒಂದು ಟ್ರ್ಯಾಕ್ಟರ್. 1940ರ ದಶಕದ ಕೊನೆಯಲ್ಲಿ ಫರ್ಗುಸನ್ ಟ್ರ್ಯಾಕ್ಟರ್ ಕಂಪನಿ ತನ್ನ ಮಾರಾಟಗಾರರ ಕೈಗೆ ಕೊಡಲು ಒಂದು ಪುಟ್ಟ ಟ್ರ್ಯಾಕ್ಟರ್ ಮಾಡಿಸಿತು. ತುಂಡುಗಳನ್ನು ಕೈಯಲ್ಲೇ ಜೋಡಿಸಬೇಕು. ಅದಕ್ಕೆ ಕೂಲಿ ಜಾಸ್ತಿ. ಜೋಡಿಸುವ ಕೆಲಸವನ್ನು ಕೊಳ್ಳುವವರಿಗೇ ಬಿಟ್ಟರೆ? ಹಾಗೆ ಬಿಡಿ ತುಂಡುಗಳ ಕಿಟ್ ವುಲ್ವರ್ತ್ಸ್ ಅಂಗಡಿಗಳಿಗೆ ಹೋಯಿತು. ಈ ಲೆಕ್ಕ ನನಗೆ ಬಹಳ ಇಷ್ಟ. ಖರ್ಚು ಉಳಿಸಲು ಮಾಡಿದ ಉಪಾಯ, ನಮ್ಮಂಥವರಿಗೆ ಅದೇ ಹಬ್ಬ. 1952ರಲ್ಲಿ ಇಂಗ್ಲೆಂಡಿನ ಹಳೆಯ ನಾವಿಕ ಫ್ರಾನ್ಸಿಸ್ ಡ್ರೇಕ್‌ನ ಹಡಗು ಗೋಲ್ಡನ್ ಹೈಂಡ್‌ನ ಕಿಟ್ ಬಂತು. ಪೆಟ್ಟಿಗೆ ಬೇಡ, ಪ್ಲಾಸ್ಟಿಕ್ ಚೀಲ, ಮೇಲೆ ಮಡಚಿದ ಕಾಗದ, ಬೆಲೆ 2 ಶಿಲಿಂಗ್. ಪೆಟ್ಟಿಗೆಯ ಖರ್ಚು ಉಳಿದದ್ದರಿಂದಲೇ ಆ ಬೆಲೆಗೆ ಕೊಡಲು ಆಯಿತು.

ಎರಡನೇ ದಿನ ಅಂಟಿಲ್ಲದೆ ಸುಮ್ನೆ ಜೋಡಿಸಿ ನೋಡಿದೆ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಅಳೆದರೆ 156 ಮಿಲಿಮೀಟರ್. ನಿಜವಾದ ಸ್ಪಿಟ್‌ಫೈರ್‌ನದು 11.23 ಮೀಟರ್. 72ರಿಂದ ಭಾಗಿಸಿ ನೋಡಿ, ಸರಿಹೋಗುತ್ತದೆ. 72 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ಬಹಳ ದಿನ ನನಗೆ ಗೊತ್ತಿರಲಿಲ್ಲ. ಅಡಿ, ಇಂಚಿನ ಲೆಕ್ಕಕ್ಕೆ ಬಂದರೆ ಸುಲಭ. ಆರು ಅಡಿ ಅಂದರೆ 72 ಇಂಚು. ಆರಡಿ ಆಳು ಈ ಅಳತೆಯಲ್ಲಿ ಸರಿಯಾಗಿ ಒಂದು ಇಂಚು ನಿಲ್ಲುತ್ತಾನೆ. ಏರ್‌ಫಿಕ್ಸ್‌ಗಿಂತ ಮೊದಲೇ, 1930ರ ದಶಕದಲ್ಲಿ ಬ್ರಿಟನ್ನಿನ ಸ್ಕೈಬರ್ಡ್ಸ್ ಎಂಬ ಮರದ ಮಾದರಿಗಳು ಈ ಅಳತೆ ಹಿಡಿದಿದ್ದವು. 1936ರಲ್ಲಿ ಫ್ರಾಗ್ ಕಂಪನಿಯ ಪೆಂಗ್ವಿನ್ ಕಿಟ್‌ಗಳು ಅದನ್ನು ಪ್ಲಾಸ್ಟಿಕ್ಕಿಗೆ ತಂದವು. ಏರ್‌ಫಿಕ್ಸ್ ಆ ದಾರಿಯಲ್ಲೇ ನಡೆಯಿತು.

ಏರ್‌ಫಿಕ್ಸ್‌ನ ಮೊದಲ ವಿಮಾನವೂ ಸ್ಪಿಟ್‌ಫೈರೇ. 1950ರ ದಶಕದ ನಡುವೆ ಬಂತು. ಬದಿಯಲ್ಲಿ ಬಿಟಿ-ಕೆ ಎಂಬ ಅಕ್ಷರಗಳಿದ್ದವು. ಸಂಗ್ರಹಿಸುವವರು ಇಂದಿಗೂ ಅದನ್ನು ಬಿಟಿಕೆ ಎಂದೇ ಕರೆಯುತ್ತಾರೆ. ಅಮೆರಿಕದ ಅರೋರಾ ಕಂಪನಿಯ 1:48 ಸ್ಪಿಟ್‌ಫೈರ್ ನೋಡಿಕೊಂಡು ಅದನ್ನು ಕುಗ್ಗಿಸಿ ಮಾಡಿದ್ದರು. ಕೋವ್ ಅವರಿಗೆ ಇದು ಮಾರಾಟವಾಗುತ್ತದೆ ಎಂಬ ನಂಬಿಕೆಯೇ ಇರಲಿಲ್ಲ. ಹೋಗದಿದ್ದರೆ ಅಚ್ಚಿನ ಖರ್ಚು ನಿಮ್ಮ ತಲೆಗೇ ಎಂದು ತಮ್ಮ ಕೆಲಸದವರನ್ನು ಗದರಿದರಂತೆ. ಮುಂದಿನದು ಗೊತ್ತೇ ಇದೆ. ಏರ್‌ಫಿಕ್ಸ್ ಅಂದರೆ ಸ್ಪಿಟ್‌ಫೈರ್ ಎನ್ನುವಷ್ಟರ ಮಟ್ಟಿಗೆ ಎರಡೂ ಅಂಟಿಕೊಂಡವು. 2009ರಲ್ಲಿ ಟಿವಿ ನಿರೂಪಕ ಜೇಮ್ಸ್ ಮೇ ಬ್ರಿಟನ್ನಿನ ಕಾಸ್‌ಫರ್ಡ್ ವಾಯುಪಡೆ ಮ್ಯೂಸಿಯಂನಲ್ಲಿ ಶಾಲಾ ಮಕ್ಕಳನ್ನು ಸೇರಿಸಿ, ಏರ್‌ಫಿಕ್ಸ್ ಕಿಟ್ ಮಾದರಿಯಲ್ಲೇ ನಿಜ ಗಾತ್ರದ ಸ್ಪಿಟ್‌ಫೈರ್ ಜೋಡಿಸಿದ್ದರು. ಅಷ್ಟು ದೊಡ್ಡದಾಗಿದ್ದರೆ ಚಕ್ರ ಕಳೆಯುತ್ತಿರಲಿಲ್ಲ.

ಪೈಲಟ್ ಕೂರುವ ಜಾಗದಲ್ಲಿ ಕೆಲಸ ಕಡಿಮೆ. ಒಂದು ಸೀಟು, ಒಬ್ಬ ಪೈಲಟ್. ಒಳಗೆ ಹಸಿರು ಬಳಿದೆ, ಪೈಲಟ್‌ನ ಮುಖಕ್ಕೆ ಎರಡು ಹನಿ ಬಣ್ಣ, ಮುಗಿಯಿತು. ಮುಚ್ಚಳ ದಪ್ಪಗಿರುವುದರಿಂದ ಒಳಗೇನೂ ಕಾಣುವುದಿಲ್ಲ.

ಹೊಟ್ಟೆಯ ಎರಡು ಹೋಳು ಅಂಟಿಸುವಾಗ ಆತುರ ಬೇಡ. ಈ ಅಂಟು ಫೆವಿಕಾಲ್ ತರಹ ನಡುವೆ ನಿಂತು ಹಿಡಿಯುವುದಿಲ್ಲ. ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡನ್ನೂ ಬೆಸೆಯುತ್ತದೆ. ಆಮೇಲೆ ಅದು ಒಂದೇ ತುಂಡು. ತೆಳು ಅಂಟನ್ನು ಸಂದಿಗೆ ಬ್ರಷ್ಷಿನಿಂದ ಮುಟ್ಟಿಸಿದೆ, ಅದು ತಾನೇ ಒಳಗೆ ಓಡಿತು. ಅರ್ಧ ನಿಮಿಷ ಬಿಟ್ಟು ಎರಡೂ ಕಡೆಯಿಂದ ಒತ್ತಿದೆ. ಕರಗಿದ ಪ್ಲಾಸ್ಟಿಕ್ ಸಂದಿಯುದ್ದಕ್ಕೂ ಸಣ್ಣ ಏರಿಯಾಗಿ ಉಕ್ಕಿ ಬಂತು. ಅದನ್ನು ಒರೆಸಬಾರದು. ಎರಡು ದಿನ ಹಾಗೇ ಬಿಟ್ಟು, ಗಟ್ಟಿಯಾದ ಮೇಲೆ ಕೆರೆದು ಉಪ್ಪುಕಾಗದ ಹಿಡಿದರೆ ಸಂದಿ ಎಲ್ಲಿತ್ತೆಂದೇ ಗೊತ್ತಾಗುವುದಿಲ್ಲ. ಪುಟ್ಟಿ ಬೇಕಾಗಿಲ್ಲ.

ಇಲ್ಲಿ ಇಷ್ಟು ಬುದ್ಧಿ ಹೇಳಿದ ನಾನೇ ರೆಕ್ಕೆಯಲ್ಲಿ ಆತುರ ಮಾಡಿದೆ. ರೆಕ್ಕೆಯ ಮೇಲಿನ ತುಂಡುಗಳನ್ನು ಹೊಟ್ಟೆಗೆ ಹಿಡಿದು ನೋಡದೆ ಕೆಳಗಿನದಕ್ಕೆ ಅಂಟಿಸಿಬಿಟ್ಟೆ. ಬೆಳಿಗ್ಗೆ ನೋಡಿದರೆ ರೆಕ್ಕೆಯ ಬುಡದಲ್ಲಿ ಅರ್ಧ ಮಿಲಿಮೀಟರ್ ಬಿರುಕು. ಎಡಗಡೆ ಮಾತ್ರ. ಆಗ ಕೈ ಹಿಡಿದದ್ದು ಕಸಕ್ಕೆ ಹೋಗಬೇಕಿದ್ದ ಸ್ಪ್ರೂ ಕಡ್ಡಿ. ಅದರ ನಡುಭಾಗವನ್ನು ಮೇಣದಬತ್ತಿಯ ಉರಿಯ ಮೇಲೆ, ಉರಿಗೆ ತಾಗದಂತೆ, ತಿರುಗಿಸುತ್ತಾ ಕಾಯಿಸಿದೆ. ಮೆತ್ತಗಾಗಿ ಹೊಳೆದ ಕೂಡಲೇ ಉರಿಯಿಂದ ದೂರ ತಂದು ಎರಡೂ ಕಡೆ ಎಳೆದೆ. ಜೇಡರ ಬಲೆಯಂಥ ದಾರ ಬರುತ್ತದೆ. ನಿಧಾನ ಎಳೆದರೆ ದಪ್ಪ, ಬೇಗ ಎಳೆದರೆ ತೆಳು. ಬಿರುಕಿಗೆ ಸರಿಯಾದ ದಪ್ಪದ ದಾರ ಇಟ್ಟು ಅಂಟು ಮುಟ್ಟಿಸಿದೆ. ಅದು ಕರಗಿ ಬಿರುಕಿನೊಳಗೆ ಕೂತುಬಿಟ್ಟಿತು. ಅದೇ ಪ್ಲಾಸ್ಟಿಕ್ ಆದ್ದರಿಂದ ಮುಂದೆ ಕುಗ್ಗುವ, ಬಿರಿಯುವ ಭಯವಿಲ್ಲ. ಕಿಟಕಿ ಬಾಗಿಲು ಮುಚ್ಚಿ ಈ ಕೆಲಸ ಮಾಡಬೇಡಿ, ಹೊಗೆ ಒಳ್ಳೆಯದಲ್ಲ.

ಉಪ್ಪುಕಾಗದ ಹಿಡಿಯುವಾಗ ರೆಕ್ಕೆಯ ಬುಡದಲ್ಲಿ ಉಬ್ಬು ರಿವೆಟ್‌ಗಳು, ಅಂದರೆ ತಗಡು ಜೋಡಿಸುವ ಮೊಳೆಗಳ ತಲೆಗಳು, ಅಳಿಸಿಹೋದವು. ಬೇಸರವಾಗಲಿಲ್ಲ. ಒಂದು ಉಬ್ಬು ಬರೀ 0.3 ಮಿಲಿಮೀಟರ್ ಅಗಲ ಅಂದುಕೊಳ್ಳಿ. 72 ಪಟ್ಟು ಮಾಡಿದರೆ ಎರಡು ಸೆಂಟಿಮೀಟರಿಗಿಂತ ದೊಡ್ಡ ಮೊಳೆತಲೆ. ನಿಜ ವಿಮಾನದ ರೆಕ್ಕೆಯಲ್ಲಿ ಕೈಯಾಡಿಸಿದರೆ ರಿವೆಟ್ ಸಿಗುವುದೇ ಕಷ್ಟ. ಮೇಲ್ಮೈಗೆ ಸಮನಾಗಿ ಕೂರುವ ರಿವೆಟ್ ಹಾಕುವುದು ದುಬಾರಿ, ನಿಧಾನ. ಎಲ್ಲೆಲ್ಲಿ ಅದು ಬೇಕೇ ಬೇಕು ಎಂದು ತಿಳಿಯಲು ಅದನ್ನು ತಯಾರಿಸಿದ ಸೂಪರ್‌ಮರೀನ್ ಕಂಪನಿಯವರು ಒಂದು ಸ್ಪಿಟ್‌ಫೈರ್‌ನ ರಿವೆಟ್‌ಗಳ ಮೇಲೆ ಒಡೆದ ಬಟಾಣಿ ಕಾಳು ಅಂಟಿಸಿ ಹಾರಿಸಿದ್ದರು! ಎಲ್ಲ ಕಡೆ ಕಾಳು ಇದ್ದಾಗ ವೇಗ ಗಂಟೆಗೆ ಸುಮಾರು 22 ಮೈಲಿ ಇಳಿಯಿತು. ಆಮೇಲೆ ಸಾಲು ಸಾಲಾಗಿ ಕಾಳು ಕೀಳುತ್ತಾ ಮತ್ತೆ ಮತ್ತೆ ಹಾರಿಸಿ ನೋಡಿದರು. ನನ್ನ ಮಾದರಿಯಲ್ಲಿ ಇನ್ನೂ ಕಾಳು ಉಳಿದಿವೆ ಅಂದುಕೊಂಡೆ. ಉಳಿದ ಉಬ್ಬುಗಳನ್ನು ಸ್ವಲ್ಪ ತಗ್ಗಿಸಿ ಬಿಟ್ಟೆ. ಪೂರ್ತಿ ಅಳಿಸಿದರೆ ಅದು ಹಳೆಯ ಏರ್‌ಫಿಕ್ಸ್ ಅನಿಸುವುದಿಲ್ಲ.

ಪ್ರೊಪೆಲ್ಲರ್ ಅಲಗಿನದು ಅರ್ಧ ಗಂಟೆ ಕೆಲಸ. ಎರಡೂ ಕಡೆ ಕೈಡ್ರಿಲ್‌ನಿಂದ 0.4 ಮಿಲಿಮೀಟರ್ ತೂತು, ನಡುವೆ ತಾಮ್ರದ ತಂತಿಯ ಚೂರು, ಒಂದು ಹನಿ ಸೂಪರ್ ಗ್ಲೂ.

ಇನ್ನು ಚಕ್ರ. ಅಡ್ಡ ಅಳತೆ 9 ಮಿಲಿಮೀಟರ್ ಸಹ ಇಲ್ಲ. ಗುಂಡಿ, ಮಣಿ, ಪೆನ್ನಿನ ಮುಚ್ಚಳ ಏನೇನೋ ಹಿಡಿದು ನೋಡಿದೆ. ಯಾವುದೂ ಹೊಂದಲಿಲ್ಲ. ಉಳಿದ ಒಂದು ಚಕ್ರದಿಂದಲೇ ಅಚ್ಚು ತೆಗೆಯುವುದು ಎಂದು ತೀರ್ಮಾನಿಸಿದೆ. ಎರಡು ಡಬ್ಬಿಯಲ್ಲಿ ಬರುವ ಸಿಲಿಕೋನ್ ಹಿಟ್ಟು ನನ್ನ ಹತ್ತಿರ ಇತ್ತು. ಸಮಪಾಲು ತೆಗೆದು ನಾದಿದರೆ ಕೆಲವೇ ನಿಮಿಷದಲ್ಲಿ ರಬ್ಬರಿನಂತೆ ಗಟ್ಟಿಯಾಗುತ್ತದೆ. ಪಾಕಕ್ಕೆ ಎರಡು ಟ್ಯೂಬಿನ ಎಪಾಕ್ಸಿ ಅಂಟು.

ಮೊದಲ ಸಲ: ಹಿಟ್ಟಿನಲ್ಲಿ ಚಕ್ರವನ್ನು ಅರ್ಧ ಮುಳುಗಿಸಿದೆ. ಗಟ್ಟಿಯಾದ ಮೇಲೆ ಅದರ ಮೇಲೆ ಇನ್ನೊಂದು ಉಂಡೆ ಒತ್ತಿದೆ. ಹತ್ತು ನಿಮಿಷ ಬಿಟ್ಟು ಬಿಡಿಸಲು ಹೋದರೆ ಎರಡೂ ಸೇರಿ ಒಂದೇ ಗುಂಡಾಗಿದೆ. ಸಿಲಿಕೋನಿಗೆ ಬೇರೆ ಯಾವುದೂ ಅಂಟುವುದಿಲ್ಲ, ಸಿಲಿಕೋನ್ ಮಾತ್ರ ಅಂಟುತ್ತದೆ. ನಡುವೆ ವ್ಯಾಸಲೀನ್ ಸವರಬೇಕಿತ್ತು. ಇದ್ದೊಂದು ಚಕ್ರವೂ ಒಳಗೇ ಸಿಕ್ಕಿಕೊಂಡಿತು. ಎದೆ ಡವಡವ ಅನ್ನುತ್ತಾ ಬ್ಲೇಡಿನಲ್ಲಿ ಸೀಳಿ ಹೊರಗೆ ತೆಗೆದೆ.

ಎರಡನೇ ಸಲ ವ್ಯಾಸಲೀನ್ ಸವರಿದೆ. ಹೋಳುಗಳು ಚೆನ್ನಾಗಿ ಬಿಟ್ಟವು. ಎಪಾಕ್ಸಿ ತುಂಬಿದೆ. ಚಕ್ರ ಬಂತು, ಆದರೆ ಒಂದು ಅರ್ಧ ಇನ್ನೊಂದು ಅರ್ಧದಿಂದ ಪಕ್ಕಕ್ಕೆ ಜಾರಿದೆ. ಎರಡು ಬಿಸ್ಕತ್ತನ್ನು ಓರೆಯಾಗಿ ಜೋಡಿಸಿದ ಹಾಗೆ. ಹೋಳುಗಳು ಒಂದರಲ್ಲಿ ಒಂದು ಕೂರಲು ಗುಳಿ, ಗುಬುಟು ಬೇಕಿತ್ತು. ಮೂರನೇ ಸಲ ಮೊದಲ ಹೋಳು ಮೆತ್ತಗಿರುವಾಗಲೇ ಬ್ರಷ್ಷಿನ ಹಿಡಿಯಿಂದ ನಾಲ್ಕು ಗುಳಿ ಮಾಡಿದೆ. ಎರಡನೇ ಹೋಳಿನ ಹಿಟ್ಟು ಅದರೊಳಗೆ ಇಳಿದು ಬೀಗ ಹಾಕಿಕೊಂಡಿತು. ಈ ಸಲ ಸಾಲು ಸರಿ. ಆದರೆ ನಡುಗುಂಬದಲ್ಲಿ ಗಾಳಿಗುಳ್ಳೆ ಸಿಕ್ಕಿ ಅಲ್ಲೊಂದು ತೂತು. ಗಾಳಿ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಬ್ಲೇಡಿನಿಂದ ಕೂದಲಿನಂಥ ಎರಡು ಕಾಲುವೆ ಕೊರೆದೆ. ನಾಲ್ಕನೇ ಸಲ ಎಪಾಕ್ಸಿಯನ್ನು ಮೊದಲು ಸೂಜಿಯಿಂದ ಮೂಲೆಮೂಲೆಗೆ ಮುಟ್ಟಿಸಿ, ಆಮೇಲೆ ತುಂಬಿ, ಹೋಳು ಮುಚ್ಚಿ ಮೇಲೆ ಒಂದು ಪುಸ್ತಕ ಹೇರಿದೆ. ಭಾರ ಜಾಸ್ತಿಯಾಗಿ ಚಕ್ರ ಮೊಟ್ಟೆಯಾಕಾರಕ್ಕೆ ಬಂತು. ಐದನೇ ಸಲ ಪುಸ್ತಕ ತೆಗೆದು ರಬ್ಬರ್ ಬ್ಯಾಂಡ್ ಹಾಕಿದೆ, ಒಂದು ಸುತ್ತು ಮಾತ್ರ. ರಾತ್ರಿ ಪೂರ್ತಿ ಬಿಟ್ಟೆ.

ಬೆಳಿಗ್ಗೆ ಬಿಚ್ಚಿದಾಗ ದುಂಡನೆಯ ಚಕ್ರ ಹೊರಗೆ ಬಿತ್ತು. ಅಂಚಿನ ಸುತ್ತ ಈರುಳ್ಳಿ ಸಿಪ್ಪೆಯಂಥ ಪೊರೆ! ಮೊದಲ ಸಂಜೆ ನಾನು ಕೆರೆದು ಬಿಸಾಡಿದ್ದ ಅದೇ ಪೊರೆ. ಒಂದು ಚಕ್ರಕ್ಕೆ ನನಗೆ ಐದು ದಿನ ಹಿಡಿಯಿತು, ಅದೂ ಮೆತ್ತನೆಯ ರಬ್ಬರಿನಲ್ಲಿ. ಇಡೀ ವಿಮಾನವನ್ನು ಉಕ್ಕಿನಲ್ಲಿ ತಿರುಗುಮುರುಗಾಗಿ ಕೊರೆಯುವುದು ಅಂದರೆ? ಆ ಕಾಲದಲ್ಲಿ ಕಂಪ್ಯೂಟರ್ ಇಲ್ಲ. ಮೊದಲು ದೊಡ್ಡ ಅಳತೆಯಲ್ಲಿ ಮರದ ಮಾದರಿ ಕೆತ್ತುತ್ತಿದ್ದರು. ಪ್ಯಾಂಟೋಗ್ರಾಫ್ ಎಂಬ ಕೀಲುತೋಳಿನ ಯಂತ್ರದ ಒಂದು ತುದಿ ಆ ಮಾದರಿಯ ಮೇಲೆ ಸವರುತ್ತಾ ಹೋದರೆ, ಇನ್ನೊಂದು ತುದಿ ಅದೇ ಚಲನೆಯನ್ನು ಕುಗ್ಗಿಸಿ ಉಕ್ಕಿನಲ್ಲಿ ಕೊರೆಯುತ್ತಿತ್ತು. ಕೊನೆಯ ನಯ, ರಿವೆಟ್, ಗೆರೆ ಎಲ್ಲ ಕುಶಲಕರ್ಮಿಯ ಕೈಯಿಂದ. ಈಗ ಮ್ಯೂಸಿಯಂನಲ್ಲಿ ನಿಂತ ನಿಜ ವಿಮಾನವನ್ನೇ ಲೇಸರ್‌ನಿಂದ ಅಳೆದು ಕಂಪ್ಯೂಟರಿಗೆ ಹಾಕುತ್ತಾರೆ. ಆದರೂ ಕೊನೆಗೆ ಬೇಕಾದದ್ದು ಲೋಹದ ಎರಡು ಹೋಳುಗಳೇ. ಕಿಟ್ ಕಂಪನಿಯ ಆಸ್ತಿ ಅಂದರೆ ಅವು. ಅವನ್ನು ಹೊತ್ತು ಎಲ್ಲಿ ಇಳಿಸಿದರೂ, ಪಾಕ ತುಂಬಿದರೆ ಅದೇ ವಿಮಾನ ಹೊರಗೆ ಬರುತ್ತದೆ.

ಡಬ್ಬದ ಮೇಲಿನ ಊರುಗಳ ಒಗಟು ನನಗೆ ಬಿಡಿಸಿಕೊಂಡದ್ದು ಇಲ್ಲಿ. ಏರ್‌ಫಿಕ್ಸ್‌ನ ಕಾರ್ಖಾನೆ ಇದ್ದದ್ದು ಲಂಡನ್ನಿನ ವಾಂಡ್ಸ್‌ವರ್ತ್‌ನಲ್ಲಿ. 1960ರ ದಶಕ ಅದರ ಒಳ್ಳೆಯ ಕಾಲ. 1964ರಲ್ಲಿ ಸೇರಿದ ಕಲಾವಿದ ರಾಯ್ ಕ್ರಾಸ್ ಹತ್ತು ವರ್ಷ ಬರೆದ ಡಬ್ಬದ ಚಿತ್ರಗಳನ್ನು ನೋಡಿಯೇ ಕಿಟ್ ಕೊಂಡವರು ಎಷ್ಟೋ ಮಂದಿ. ಒಳಗಿನ ಬೂದು ಪ್ಲಾಸ್ಟಿಕ್ಕಿಗೂ ಹೊರಗಿನ ಬೆಂಕಿ ಹೊಗೆಗೂ ಸಂಬಂಧವೇ ಇರುತ್ತಿರಲಿಲ್ಲ, ಅದು ಬೇರೆ ಮಾತು. 1971ರಲ್ಲಿ ಕಂಪನಿ ಮೆಕ್ಯಾನೊ ಮತ್ತು ಡಿಂಕಿ ಎಂಬ ಆಟಿಕೆಗಳ ವ್ಯಾಪಾರವನ್ನು ಕೊಂಡಿತು. ಆ ಭಾರ ಹೊರಲಾಗಲಿಲ್ಲ. 1979ರ ನವೆಂಬರಿನಲ್ಲಿ ಲಿವರ್‌ಪೂಲ್‌ನ ಮೆಕ್ಯಾನೊ ಕಾರ್ಖಾನೆ ಮುಚ್ಚಿತು. 1981ರ ಜನವರಿಯಲ್ಲಿ ಏರ್‌ಫಿಕ್ಸೇ ದಿವಾಳಿಯಾಯಿತು. ಕಿಟ್‌ಗಳಿಗೆ ಗಿರಾಕಿ ಇದ್ದರು, ಮನೆ ಮುಳುಗಿದ್ದು ಬೇರೆ ಕಡೆಯ ಸಾಲದಲ್ಲಿ.

ಅಲ್ಲಿಂದ ಅಚ್ಚುಗಳ ಅಲೆದಾಟ. ಅಮೆರಿಕದ ಜನರಲ್ ಮಿಲ್ಸ್ ಕಂಪನಿ ತನ್ನ ಬ್ರಿಟಿಷ್ ಆಟಿಕೆ ಸಂಸ್ಥೆ ಪಾಲಿಟಾಯ್ ಮೂಲಕ ಕೊಂಡಿತು. ಅಚ್ಚುಗಳು ಇಂಗ್ಲಿಷ್ ಕಡಲ್ಗಾಲುವೆ ದಾಟಿ ಫ್ರಾನ್ಸಿನ ಕ್ಯಾಲೆ ಊರಿಗೆ ಹೋದವು. ಜನರಲ್ ಮಿಲ್ಸ್ ಆಟಿಕೆ ವ್ಯಾಪಾರವನ್ನೇ ಬಿಟ್ಟಾಗ, 1986ರಲ್ಲಿ ಮಾದರಿಗಳ ಬಣ್ಣ ತಯಾರಿಸುವ ಹಂಬ್ರಾಲ್ ಕಂಪನಿಯ ಕೈಗೆ ಬಂತು. ಹಂಬ್ರಾಲ್ ಇದ್ದದ್ದು ಹಲ್‌ನಲ್ಲಿ. ಅದೇ ಗುಂಪಿನಲ್ಲಿ ಫ್ರಾನ್ಸಿನ ಹೆಲ್ಲರ್ ಕಂಪನಿಯೂ ಇತ್ತು. ಮುಂದೆ ಕಿಟ್ ತೆಗೆಯುವ ಕೆಲಸ ಅಲ್ಲಿಯ ಟ್ರನ್ ಊರಿನ ಕಾರ್ಖಾನೆಗೆ ಹೋಯಿತು. ನನ್ನ ಡಬ್ಬದ ವಿಳಾಸ, ಅದರ ಕೆಳಗಿನ ಸಣ್ಣ ಅಕ್ಷರ ಎರಡೂ ಹೀಗೆ ಬಂದವು.

ಮುಚ್ಚಳದ ಗೀರು ತೆಗೆಯಲು ನಯವಾದ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ 2000, ಆಮೇಲೆ 3000 ನಂಬರ್ ಹಿಡಿದೆ. ಮೊದಲು ಪೂರ್ತಿ ಮಂಜಾಗುತ್ತದೆ, ಕೆಟ್ಟುಹೋಯಿತು ಅನಿಸುತ್ತದೆ. ಹೆದರಬೇಡಿ. ಬಿಳಿ ಟೂತ್‌ಪೇಸ್ಟ್ ಹಾಕಿ ಹತ್ತಿ ಬಟ್ಟೆಯಲ್ಲಿ ಕಾಲು ಗಂಟೆ ತಿಕ್ಕಿದ ಮೇಲೆ ಹೊಳಪು ಬಂತು. ಅಂಟಿಸಲು ಇಲ್ಲಿ ಕರಗಿಸುವ ಅಂಟೂ ಬೇಡ, ಸೂಪರ್ ಗ್ಲೂನೂ ಬೇಡ. ಅದರ ಆವಿಗೆ ಒಳಗೆ ಬಿಳಿ ಮಂಜು ಕಟ್ಟುತ್ತದೆ. ಫೆವಿಕಾಲ್ ತರಹದ ಬಿಳಿ ಅಂಟೇ ಸರಿ.

ಬಣ್ಣಕ್ಕೆ ಬರೋಣ. ಮೇಲೆ ಕಡು ಹಸಿರು ಮತ್ತು ಸಮುದ್ರದ ಬೂದು, ಕೆಳಗೆ ತಿಳಿ ಬೂದು. ಹಂಬ್ರಾಲ್ ನಂಬರಿನಲ್ಲಿ 30, 106, 165. ಈ ನಂಬರುಗಳು ಹವ್ಯಾಸಿಗಳ ಬಾಯಲ್ಲಿ ಗಾದೆಯಂತೆ ಓಡಾಡುತ್ತವೆ. ಹಂಬ್ರಾಲ್ 1919ರಲ್ಲಿ ಹಂಬರ್ ಆಯಿಲ್ ಕಂಪನಿ ಎಂದು ಶುರುವಾದದ್ದು. ಅದರ 14 ಮಿಲಿಲೀಟರಿನ ತಗಡಿನ ಡಬ್ಬಿಗಳನ್ನು ತೆರೆದಾಗ ಬರುವ ವಾಸನೆಗೆ ಸೋತವರಲ್ಲಿ ನಾನೂ ಒಬ್ಬ. ಕುಂಚದಲ್ಲೇ ಬಳಿದೆ. ದಪ್ಪ ಒಂದು ಪದರದ ಬದಲು ನೀರಾದ ಮೂರು ಪದರ, ಪ್ರತಿ ಪದರದ ನಡುವೆ ಒಂದು ದಿನ. ಮೊದಲ ಪದರದಲ್ಲಿ ಕೆಳಗಿನ ಪ್ಲಾಸ್ಟಿಕ್ ಕಾಣುತ್ತದೆ, ಕೈ ತುರಿಸುತ್ತದೆ, ಸುಮ್ಮನಿರಬೇಕು. ರೆಕ್ಕೆಯ ಮುಂದಿನ ಅಂಚಿಗೆ ಹಳದಿ ಪಟ್ಟಿ ಎಳೆಯುವಾಗ ಮಾತ್ರ ಟೇಪ್ ಹಾಕಿದೆ.

ಹಳದಿಯಾದ ಡೀಕಾಲ್ ಹಾಳೆಯನ್ನು ಕಿಟಕಿ ಗಾಜಿಗೆ ಅಂಟಿಸಿ ಎರಡು ವಾರ ಬಿಸಿಲಿಗೆ ಬಿಟ್ಟಿದ್ದೆ. ಹಳದಿ ಬಹುಪಾಲು ಹೋಯಿತು. ಖುಷಿಯಿಂದ ಒಂದನ್ನು ಕತ್ತರಿಸಿ ನೀರಿಗೆ ಹಾಕಿದರೆ ಒಣಗಿದ ಹಪ್ಪಳದಂತೆ ಚೂರುಚೂರಾಯಿತು. ವಯಸ್ಸಿಗೆ ಯಾರೇನು ಮಾಡಲಾದೀತು. ಹಾಳೆಯ ಮೇಲೆ ವಾರ್ನಿಷ್ ಒಂದು ಪದರ ಬಳಿದು ಒಣಗಿಸಿಕೊಂಡಿದ್ದರೆ ಉಳಿಯುತ್ತಿತ್ತು. ಉಳಿದ, ವಾಯುಪಡೆಯ ವೃತ್ತದ ಗುರುತುಗಳಿಗೆ ಹಾಗೆ ಮಾಡಿದೆ, ಬದುಕಿದವು. ಅಕ್ಷರಗಳನ್ನು ಮಾತ್ರ ಬೇರೊಂದು ಕಿಟ್‌ನಲ್ಲಿ ಮಿಕ್ಕಿದ್ದ ಹಾಳೆಯಿಂದ ತೆಗೆದೆ: ಜೆಇ-ಜೆ. ಜೇಮ್ಸ್ ಎಡ್ಗರ್ ಜಾನ್ಸನ್ ಎಂಬ ವಿಂಗ್ ಕಮಾಂಡರ್‌ನ ಹೆಸರಿನ ಮೊದಲಕ್ಷರಗಳು. ಆ ಹುದ್ದೆಯವರಿಗೆ ಸ್ಕ್ವಾಡ್ರನ್ ಎಂಬ ವಿಮಾನದಳದ ಅಕ್ಷರಗಳ ಜಾಗದಲ್ಲಿ ಸ್ವಂತ ಹೆಸರಿನ ಅಕ್ಷರ ಬರೆಸಿಕೊಳ್ಳುವ ಅವಕಾಶ ಇತ್ತು. ಆತ ಹಾರಿಸಿದ್ದೂ ಮಾರ್ಕ್ 9.

ಡೀಕಾಲ್ ಒಣಗುವಷ್ಟರಲ್ಲಿ ಕಪಾಟಿನ ಹೊಸ ಡಬ್ಬ ತೆರೆದು ಪಕ್ಕದಲ್ಲಿ ಇಟ್ಟೆ. ಉಬ್ಬು ರಿವೆಟ್ ಇಲ್ಲ, ಗೆರೆಗಳು ಒಳಗೆ ಕೊರೆದಿವೆ, ಪೊರೆ ಹುಡುಕಿದರೂ ಇಲ್ಲ. ಈ ಎರಡು ಡಬ್ಬಗಳ ನಡುವೆ ಕಂಪನಿ ಮತ್ತೆ ಕೈ ಬದಲಾಯಿಸಿತ್ತು. 2006ರಲ್ಲಿ ಮೊದಲು ಹೆಲ್ಲರ್ ಬಿತ್ತು. ಕಿಟ್ ಬರುವುದು ನಿಂತು, ಆಗಸ್ಟ್ 31ರಂದು ಹಂಬ್ರಾಲ್ ಕೂಡ ಕೈಚೆಲ್ಲಿತು. ನವೆಂಬರಿನಲ್ಲಿ ಮಾರ್ಗೇಟ್ ಊರಿನ ಆಟದ ರೈಲಿನ ಕಂಪನಿ ಹಾರ್ನ್‌ಬಿ, ಏರ್‌ಫಿಕ್ಸ್ ಮತ್ತು ಹಂಬ್ರಾಲ್ ಎರಡನ್ನೂ 26 ಲಕ್ಷ ಪೌಂಡಿಗೆ ಕೊಂಡಿತು. ಆಮೇಲೆ ಹೊಸ ಅಚ್ಚುಗಳು ಬಂದವು, ಕಿಟ್ ತೆಗೆಯುವ ಕೆಲಸ ಭಾರತಕ್ಕೂ ಬಂತು. ಹೊಸದೇ ಒಳ್ಳೆಯ ಕಿಟ್, ಅದರಲ್ಲಿ ಮಾತಿಲ್ಲ. ಹೊಸಬರಿಗೆ ನಾನು ಅದನ್ನೇ ಹೇಳುತ್ತೇನೆ. ಕೆರೆಯಲು, ತುಂಬಲು ಏನೂ ಇಲ್ಲದ್ದರಿಂದ ಎರಡು ಸಂಜೆಯಲ್ಲಿ ಮುಗಿದುಬಿಡುತ್ತದೆ ಎಂಬುದೊಂದೇ ನನ್ನ ತಕರಾರು.

ಕೊನೆಗೆ ಮ್ಯಾಟ್ ವಾರ್ನಿಷ್ ಒಂದು ಪದರ. ಚಕ್ರಗಳಿಗೆ ಕಪ್ಪಿನ ಬದಲು ಕಡು ಬೂದು ಬಳಿದು ಕಾಲುಗಳಿಗೆ ಸಿಕ್ಕಿಸಿದೆ. ಬಲಗಡೆ ಫ್ರಾನ್ಸಿನಲ್ಲಿ ಮಾಡಿದ ಚಕ್ರ, ಎಡಗಡೆ ನನ್ನದು. ಮೇಜಿನ ಮೇಲೆ ಇಟ್ಟು ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಿದೆ. ಎಡಕ್ಕೆ ಒಂದು ಕೂದಲೆಳೆಯಷ್ಟು ವಾಲಿದೆ. ಪೊರೆ ಕೆರೆಯುವಾಗ ಚಕ್ರವನ್ನೂ ಸ್ವಲ್ಪ ಕೆರೆದುಬಿಟ್ಟಿದ್ದೇನೆ. ರಬ್ಬರಿನ ಎರಡು ಹೋಳುಗಳನ್ನು ಬಿಸಾಡಲಿಲ್ಲ. ರಬ್ಬರ್ ಬ್ಯಾಂಡ್ ಸುತ್ತಿ ಹರಿದ ಡಬ್ಬದೊಳಗೆ ಹಾಕಿ ಮೂಲೆಗೆ ಹೊಸ ಅಂಟುಪಟ್ಟಿ ಹಚ್ಚಿದೆ.